ಮುಟ್ಟಿ ಎಣಿಸುವವನು

ಆಂಧ್ರದ ಗಡಿಯಲ್ಲಿ, ಆದೋನಿ ಹತ್ತಿರದ ಪೆದ್ದಹರಿವಾಣದಲ್ಲಿ ನನ್ನನ್ನು ಮಿಲಿಟ್ರಿ ಡಾಕ್ಟ್ರು ಅನ್ನುತ್ತಾರೆ. ನಾನು ಡಾಕ್ಟರಲ್ಲ. ಇಪ್ಪತ್ತೆರಡು ವರ್ಷ ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು, ಹವಾಲ್ದಾರನಾಗಿ ಮನೆಗೆ ಬಂದವನು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ, ಒಂದು ಬಿ.ಪಿ. ಮಿಷನ್ನು, ಗೋಡೆಯ ಮೇಲೆ ಯೂನಿಫಾರಂ ತೊಟ್ಟ ನನ್ನ ಫೋಟೋ. ಜ್ವರಕ್ಕೆ ಮಾತ್ರೆ ಕೊಡುತ್ತೇನೆ, ಸುಸ್ತು ಅಂದರೆ ಸಲೈನ್ ಹಾಕುತ್ತೇನೆ. ಜನ ನಂಬುತ್ತಾರೆ, ಯಾಕೆಂದರೆ ಫೋಟೋ ಇದೆ. ಆ ಫೋಟೋ ಕಡೆ ಈಗ ನಾನು ನೋಡುವುದಿಲ್ಲ. ಆದರೂ ತೆಗೆದಿಲ್ಲ, ಗಿರಾಕಿ ಕಡಿಮೆಯಾದಾರು ಅಂತ. ನಾನು ಎಂಥವನು ಅನ್ನುವುದಕ್ಕೆ ಇಷ್ಟು ಸಾಕು.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಒಬ್ಬ ಹುಡುಗಿ ಬಂದಳು. ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ಹೆಗಲಿಗೆ ಬ್ಯಾಗು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಎದುರಿನ ಸ್ಟೂಲಿನ ಮೇಲೆ ಕೂತಳು. ನಾನು ಬಿ.ಪಿ. ಪಟ್ಟಿ ಕೈಗೆತ್ತಿಕೊಂಡೆ. ಅವಳು ತೋಳು ಹಿಂದಕ್ಕೆ ಎಳೆದುಕೊಂಡು, ಫೈಲಿನಿಂದ ಒಂದು ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟಳು.

"ಸಾರ್, ಈ ಸಂತಕಂ ಮೀದೇನಾ?" ಎಂದು ತೆಲುಗಿನಲ್ಲಿ ಕೇಳಿದಳು.

ಸಹಿ ನನ್ನದೇ. ಅದರ ಕೆಳಗೆ ನನ್ನ ಹೆಸರು, ಸರ್ವಿಸ್ ನಂಬರು. ಪಕ್ಕದಲ್ಲಿ, ಈ ರೋಗಿಯ ಮಾತನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದವನು ಇವನು ಎಂಬ ಒಂದು ಸಾಲು. ನಾನು ಕನ್ನಡಕ ಹುಡುಕುವವನಂತೆ ಜೇಬು ತಡಕಾಡಿದೆ. ಕನ್ನಡಕ ಮೂಗಿನ ಮೇಲೇ ಇತ್ತು.

"ಯಾರಮ್ಮಾ ನೀನು?"

"ನಾನು ಮೌನಿಕಾ ರೀ. ನಾಗಲದಿನ್ನಿಯಾಕಿ. ಉರುಕುಂದನ ತಂಗಿ." ಈಗ ಅವಳೂ ಕನ್ನಡಕ್ಕೆ ಬಂದಳು. "ನೆನಪೈತೇನ್ರಿ ಉರುಕುಂದ?"

"ಆರ್ಮಿಯಾಗ ಸಾವಿರ ಮಂದೀನ ನೋಡೀನಿ. ಯಾವ ಉರುಕುಂದ ಅಂತ ಹೇಳ್ಲಿ?"

ಸಾವಿರ ಮಂದಿಯನ್ನು ನೋಡಿದ್ದು ನಿಜ. ಆದರೆ ಆ ಹೆಸರು ಕಿವಿಗೆ ಬಿದ್ದ ಕೂಡಲೇ ಯಾವ ಉರುಕುಂದ ಅಂತ ನನಗೆ ಗೊತ್ತಾಗಿತ್ತು.

ಅವಳು ಗದರಲಿಲ್ಲ, ಅಳಲಿಲ್ಲ. ಎಮ್ಮಿಗನೂರಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ಅವಳಿಗೆ ಕೆಲಸವಂತೆ. ಎರಡು ವರ್ಷ ಅರ್ಜಿ ಮೇಲೆ ಅರ್ಜಿ ಹಾಕಿ ಅಣ್ಣನ ಆಸ್ಪತ್ರೆಯ ಕಾಗದಗಳನ್ನೆಲ್ಲ ತರಿಸಿದ್ದಳು. ಮುಂದಿನ ತಿಂಗಳು ಹೊಸ ಮೆಡಿಕಲ್ ಬೋರ್ಡು ಅವನ ಕೇಸನ್ನು ಮತ್ತೊಮ್ಮೆ ನೋಡುತ್ತದೆ. ಈಗಿರುವ ಕಾಗದದ ಪ್ರಕಾರ ಉರುಕುಂದನಿಗೆ ಹುಟ್ಟಿನಿಂದಲೇ ಸ್ವಭಾವದಲ್ಲಿ ದೋಷ, ಸಹಸೈನಿಕರ ಜೊತೆ ಅಸಭ್ಯ ವರ್ತನೆ, ಇದಕ್ಕೂ ಸೈನ್ಯದ ಸೇವೆಗೂ ಸಂಬಂಧವಿಲ್ಲ. ಇದರ ಮೇಲೇ ಅವನನ್ನು ಸೈನ್ಯದಿಂದ ತೆಗೆದು ಮನೆಗೆ ಕಳಿಸಿದ್ದರು.

"ಆ ರೂಮಿನಾಗ ನಮ್ಮ ಮಾತು ತಿಳಿಯೋರು ನೀವೊಬ್ಬರೇ ಇದ್ರಿ," ಅಂದಳು. "ಅಣ್ಣ ಅಲ್ಲಿ ಏನಂದ? ಅಷ್ಟು ಬರದು ಕೊಡ್ರಿ. ಸಾಕು."

"ಐದು ವರ್ಷದ ಮಾತು. ನೆನಪಿಲ್ಲಮ್ಮಾ."

"ಅವನಿಗೆ ನೆನಪೈತ್ರಿ. 'ನಾನು ಎಲ್ಲಾ ಹೇಳೀನಿ. ಅವರು ನಮ್ಮ ಕಡೆಯೋರು, ಒಂದೂ ಬಿಡದಂಗ ಸಾಬ್‌ಗೆ ಹೇಳ್ಯಾರ. ಎಲ್ಲಾ ಕೇಳಿದ ಮ್ಯಾಲೇನ ಅವರು ಹಿಂಗ ಬರದಾರ ಅಂದ್ರ, ನಾನು ಹಂಗೇ ಇರಬೇಕು ಬಿಡು' ಅಂತಾನ."

ನಾನು ಬಿ.ಪಿ. ಪಟ್ಟಿಯನ್ನು ಸುತ್ತಿ ಪಕ್ಕಕ್ಕಿಟ್ಟೆ.

ನಡೆದದ್ದು ಹೇಳುತ್ತೇನೆ. ಸೈನ್ಯದಲ್ಲಿ ಮನಸ್ಸಿನ ಡಾಕ್ಟರ ಹತ್ತಿರಕ್ಕೆ ಸಿಪಾಯಿ ತಾನಾಗಿ ಬರುವುದು ಕಡಿಮೆ. ಅವನ ಕಮಾಂಡಿಂಗ್ ಆಫೀಸರ್ ಒಂದು ಫಾರಂ ತುಂಬಿ ಕಳಿಸುತ್ತಾನೆ: ಇವನ ಕೆಲಸ ಹೇಗೆ, ಕುಡಿತ ಹೇಗೆ, ನಡತೆ ಹೇಗೆ, ಯಾಕೆ ಕಳಿಸುತ್ತಿದ್ದೇವೆ. ಹಾಗಾಗಿ ಮನುಷ್ಯನಿಗಿಂತ ಮೊದಲು ಅವನ ಕಾಗದವನ್ನು ಡಾಕ್ಟರು ನೋಡುತ್ತಾರೆ. ಉರುಕುಂದನ ಫಾರಮ್ಮಿನಲ್ಲಿ ಹೀಗಿತ್ತು: ಸಂಜೆ ಹಾಜರಿಯ ನಂತರ ಬ್ಯಾರಕ್ಕಿನಲ್ಲಿ ಮಲಗಿದವರ ಮೈ ಮುಟ್ಟುತ್ತಾನೆ, ಎಚ್ಚರಿಸಿದರೂ ಬಿಟ್ಟಿಲ್ಲ, ಅಸಭ್ಯ ವರ್ತನೆ. 'ಅಸಭ್ಯ' ಅನ್ನುವ ಈ ಮಾತನ್ನು ಅವನ ಪಲ್ಟನ್ನಿನ ಡಾಕ್ಟರು ತಮ್ಮ ಚೀಟಿಗೆ ಇಳಿಸಿಕೊಂಡರು. ಅವನನ್ನು ನಮ್ಮಲ್ಲಿ ಭರ್ತಿ ಮಾಡಿಕೊಂಡ ಗುಮಾಸ್ತ ರಿಜಿಸ್ಟರಿಗೆ ಇಳಿಸಿಕೊಂಡ. ದಿನಾ ಸಂಜೆ ವಾರ್ಡಿನ ಚಾರ್ಟು ಬರೆಯುತ್ತಿದ್ದ ನಾನು ಚಾರ್ಟಿಗೆ ಇಳಿಸಿಕೊಂಡೆ: 'ಅಸಭ್ಯ ವರ್ತನೆ ಮುಂದುವರಿದಿದೆ.' ಯಾರೂ ಹೊಸದಾಗಿ ಕಣ್ಣು ಬಿಟ್ಟು ನೋಡಲಿಲ್ಲ. ಒಬ್ಬನ ಎಂಜಲನ್ನು ಇನ್ನೊಬ್ಬ ನೆಕ್ಕಿದ ಹಾಗೆ ಒಂದೇ ಮಾತು ನಾಲ್ಕು ಕಾಗದ ದಾಟಿ ರೋಗವಾಯಿತು.

ಅವನು ಮಾಡುತ್ತಿದ್ದದ್ದು ಇಷ್ಟು. ಸಂಜೆ ಚಹಾ ಆದ ಮೇಲೆ ಬಾಗಿಲ ಬದಿಯ ಮಂಚದಿಂದ ಶುರುಮಾಡಿ, ಒಬ್ಬೊಬ್ಬರ ಬೆನ್ನಿನ ಮೇಲೂ ಅಂಗೈ ಇಟ್ಟು ತೆಗೆಯುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಕೊನೆಯ ಮಂಚಕ್ಕೆ ಬಂದು ನಿಂತು ಬಾಗಿಲು ನೋಡುತ್ತಿದ್ದ. ಮೈ ಸಣ್ಣಗೆ ನಡುಗುತ್ತಿತ್ತು. ಮತ್ತೆ ಮೊದಲಿನಿಂದ ಶುರು. ಕೆಲವರು ಬೈಯುತ್ತಿದ್ದರು, ಒಬ್ಬ ಒದ್ದೂ ಇದ್ದ. ಒದೆಸಿಕೊಂಡು ಮುಂದಿನ ಮಂಚಕ್ಕೆ ಹೋಗುತ್ತಿದ್ದ.

ನನಗೆ ಮೊದಲನೇ ಸಂಜೆಯೇ ಗೊತ್ತಾಯಿತು. ಈ ಡಾಕ್ಟರುಗಳ ಯಾವ ಪುಸ್ತಕದಲ್ಲೂ ಇಲ್ಲದ್ದು ನನಗೆ ಗೊತ್ತಿತ್ತು, ಯಾಕೆಂದರೆ ನಾನೂ ಕುರಿ ಸಾಕುವವರ ಮನೆಯವನೇ. ಸಂಜೆ ಕುರಿ ದೊಡ್ಡಿಗೆ ಬರುವಾಗ ನಮ್ಮಜ್ಜ ಬಾಗಿಲಲ್ಲಿ ನಿಂತು ಒಂದೊಂದರ ಬೆನ್ನನ್ನೂ ಮುಟ್ಟಿ ಒಳಗೆ ಬಿಡುತ್ತಿದ್ದ. ನಾನು ಎಂಟು ವರ್ಷದವನಿದ್ದಾಗ ಒಂದು ದಿನ ದೂರದಿಂದ ನೋಡಿಯೇ ಪೂರ್ತಿ ಅದಾವ ಅಂದೆ. ಅಜ್ಜ ಕೆನ್ನೆಗೆ ಬಾರಿಸಿದ. "ಕಣ್ಣಾಗ ಎಣಸ್ತೀಯೇನಲೇ ಸೋಮಾರಿ? ಮುಟ್ಟು," ಅಂದ. ನಮ್ಮಲ್ಲಿ ಕಣ್ಣಿನಿಂದ ಎಣಿಸಿದ್ದು ಎಣಿಕೆಯೇ ಅಲ್ಲ.

ಆ ಅಜ್ಜ ನನಗಿಟ್ಟ ಹೆಸರು ಗಾದಿಲಿಂಗಪ್ಪ. ಹತ್ತನೇ ಕ್ಲಾಸಿನ ಅರ್ಜಿ ತುಂಬುವಾಗ ಮೇಷ್ಟ್ರ ಕೈಕಾಲು ಹಿಡಿದು ಲಕ್ಷ್ಮಿಕಾಂತ್ ಅಂತ ಬರೆಸಿಕೊಂಡೆ. ಸೈನ್ಯದಲ್ಲಿ ನಮ್ಮಪ್ಪನಿಗೆ ಆದೋನಿಯಲ್ಲಿ ಹತ್ತಿ ಮಿಲ್ಲು ಇದೆ ಅಂತ ಹೇಳಿಕೊಂಡು ತಿರುಗಿದೆ. ಅಪ್ಪ ಆಗ ಹೊಲದ ಬದುವಿನಲ್ಲಿ ಕಂಬಳಿ ಹೊದ್ದು ಕೂತಿರುತ್ತಿದ್ದ.

ಡಾಕ್ಟರು ಮೇಜರ್ ಸಾಹೇಬರು. ಉರುಕುಂದನಿಗೆ ಪರೇಡಿಗೆ ಬೇಕಾಗುವಷ್ಟು, ಕ್ಯಾಂಟೀನಿಗೆ ಬೇಕಾಗುವಷ್ಟು ಹಿಂದಿ ಬರುತ್ತಿತ್ತು. ಭಯವನ್ನು ಹೇಳಿಕೊಳ್ಳುವ ಹಿಂದಿ ಅವನಿಗೆ ಯಾರೂ ಕಲಿಸಿರಲಿಲ್ಲ. ನನ್ನ ಸರ್ವಿಸ್ ಪುಸ್ತಕದಲ್ಲಿ ಆದೋನಿ ಅಂತ ಇದ್ದದ್ದರಿಂದ ಸಾಹೇಬರು ನನ್ನನ್ನು ಕರೆಸಿದರು. ಮೂಲೆಯಲ್ಲಿ ಗುಮಾಸ್ತ ಟೈಪ್ ಮಾಡಲು ಕೂತಿದ್ದ. ನಾನು ಕನ್ನಡದಲ್ಲಿ ಬಾಯಿ ತೆಗೆದದ್ದೇ ತಡ, ಉರುಕುಂದನ ಮುಖ ಅರಳಿತು.

"ಅಣ್ಣಾ, ನೀವು ನಮ್ಮ ಕಡೆಯೋರೇನ್ರಿ?" ಅಂದ.

ಸಾಹೇಬರು ಪಟ್ಟಿ ಹಿಡಿದು ಕೇಳುತ್ತಾ ಹೋದರು. ಶತ್ರುವಿನ ಗುಂಡಿನ ಎದುರು ಇದ್ದೆಯಾ? ಇಲ್ಲ. ಗಾಯವಾಗಿದೆಯಾ? ಇಲ್ಲ. ಪೋಸ್ಟಿನಲ್ಲಿ ಗುಡ್ಡ ಜರಿದು ಇಬ್ಬರು ಸತ್ತರಲ್ಲ, ನೀನು ಮಣ್ಣಿನಡಿ ಸಿಕ್ಕಿಕೊಂಡಿದ್ದೆಯಾ? ಇಲ್ಲ. ಅವರು ಸಾಯುವುದನ್ನು ನೋಡಿದೆಯಾ? ಇಲ್ಲ, ಬಂಕರಿನೊಳಗೆ ಇದ್ದೆ. ಇಲ್ಲ, ಇಲ್ಲ ಅಂತ ಗೆರೆ ಎಳೆಯುತ್ತಾ ಬಂದರು. ದೊಡ್ಡ ರೋಗದ ಹೆಸರು ಬರೆಯಬೇಕಾದರೆ ದೊಡ್ಡದೇನಾದರೂ ಆಗಿರಬೇಕಲ್ಲ, ಇವನಿಗೆ ಏನೂ ಆಗಿರಲಿಲ್ಲ. ಕೊನೆಗೆ, ಹಾಗಾದರೆ ಜನರನ್ನು ಯಾಕೆ ಮುಟ್ಟುತ್ತೀಯ ಎಂದು ನನ್ನಿಂದ ಕೇಳಿಸಿದರು.

ಉರುಕುಂದ ಆಗ ನನ್ನ ಕಡೆ ತಿರುಗಿ ಕೂತ.

"ಅವತ್ತು ಸಂಜಿಗೆ ಎಣಿಕಿ ನಂದಿತ್ರಿ ಅಣ್ಣಾ. ಬಂಕರಿನಾಗ ಹನ್ನೊಂದು ಮಂದಿ ಇರಬೇಕು. ಹೊರಗ ಮಳಿ. ನಾನು ಬಾಗಿಲದಾಗ ನಿಂತು ನೋಡಿದೆ. ಎಲ್ಲಾ ಕಂಬಳಿ ಹೊದ್ದು ಮಲಗಿದ್ರು. ಮುಟ್ಟಲಿಲ್ಲ ನಾನು. ಕಣ್ಣಾಗ ಎಣಿಸಿ ಹನ್ನೊಂದು ಅಂತ ಕೂಗಿದೆ. ಅವು ಎರಡು ಬರೇ ಕಂಬಳಿ ಗಂಟು ಅಣ್ಣಾ. ಸಾಯಿಕುಮಾರ್, ಹನುಮಂತು ನೀರಿಗೆ ಹೋಗಿದ್ರು. ಗುಡ್ಡ ಜರೀತು. ಎಲ್ಲರೂ ಒಳಗದಾರ ಅಂತ ಯಾರೂ ಹುಡುಕಲಿಲ್ಲ. ಒಂದು ತಾಸು, ಅಣ್ಣಾ. ಸಾಯಿಕುಮಾರ್ ಕೈ ಮಣ್ಣಿನ ಮ್ಯಾಲೇ ಇತ್ತಂತ. ತಗದಾಗ ಇನ್ನೂ ಬೆಚ್ಚಗಿತ್ತಂತ."

ಇದನ್ನು ಎರಡು ಸಲ ಹೇಳಿದ, ಹೆಸರು ಹಿಡಿದು. ಅವರಿಬ್ಬರು, ಒಬ್ಬ ಕರ್ನೂಲಿನವನು, ಒಬ್ಬ ರಾಯಚೂರಿನವನು. ಪೋಸ್ಟಿನಲ್ಲಿ ಅವನ ಜೊತೆ ಅವನ ಮಾತಿನಲ್ಲಿ ಮಾತಾಡುತ್ತಿದ್ದವರು ಅವರಿಬ್ಬರೇ.

ಸಾಹೇಬರು ನನ್ನನ್ನು ನೋಡಿದರು. ಅವರ ಮೇಲೆ ಎಲ್ಲ ಹೊಲಸನ್ನೂ ಸುರಿದು ನಾನು ಕೈ ತೊಳೆದುಕೊಳ್ಳಬಹುದಿತ್ತು, ಆದರೆ ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು. "ಲಕ್ಷ್ಮಿಕಾಂತ್, ನೀನೂ ಅಲ್ಲಿಯವನೇ. ಹೀಗೆ ಮುಟ್ಟುವುದು ನಿಮ್ಮ ಕಡೆ ಏನಾದರೂ ರೂಢಿಯೇ?" ಅಂದರು.

ಮೂಲೆಯಲ್ಲಿದ್ದ ಗುಮಾಸ್ತ ಟೈಪ್ ಮಾಡುವುದು ನಿಲ್ಲಿಸಿ ನನ್ನನ್ನು ನೋಡಿ ನಕ್ಕ. ನಿಮ್ಮ ಕಡೆ ಗಂಡಸರು ಹೀಗೇನಾ ಅನ್ನುವ ನಗು. ಹೂಂ ಅಂದರೆ ಕುರಿ ಬರುತ್ತದೆ, ದೊಡ್ಡಿ ಬರುತ್ತದೆ, ಅಜ್ಜ ಬರುತ್ತಾನೆ, ನಿನಗೆ ಇದೆಲ್ಲ ಹೇಗೆ ಗೊತ್ತು ಅನ್ನುವ ಪ್ರಶ್ನೆ ಬರುತ್ತದೆ. ಹತ್ತಿ ಮಿಲ್ಲು ಬಿದ್ದುಹೋಗುತ್ತದೆ.

"ಇಲ್ಲ ಸಾಹೇಬ್, ನಮ್ಮ ಕಡೆ ಅಂಥದ್ದೇನೂ ಇಲ್ಲ," ಅಂದೆ. "ಏನೋ ಚಟ ಅಂತಾನೆ. ಇನ್ನು ಮಾಡುವುದಿಲ್ಲ ಅಂತಾನೆ."

ಅಷ್ಟು ಉದ್ದ ಮಾತಾಡಿದನಲ್ಲ ಅಂದರು ಸಾಹೇಬರು. ಒಂದೇ ಮಾತನ್ನು ತಿರುಗಾ ಮುರುಗಾ ಹೇಳುತ್ತಾನೆ ಸಾಹೇಬ್ ಅಂದೆ. ಅವರು ಬರೆದುಕೊಂಡರು. ಉರುಕುಂದ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹೋದ. ಆ ಕೈಯನ್ನು ಆಮೇಲೆ ಸ್ಪಿರಿಟ್ ಹಾಕಿ ತೊಳೆದೆ. ಅವನು ಮುಟ್ಟಿದ್ದಕ್ಕೆ ಅಂದುಕೊಂಡಿದ್ದೆ ಆಗ.

ಇಷ್ಟು ವರ್ಷ ನನಗೆ ನಾನು ಒಂದು ಸಮಜಾಯಿಷಿ ಹೇಳಿಕೊಂಡಿದ್ದೆ: ಎಣಿಕೆ ತಪ್ಪಿದ್ದನ್ನು ನಾನು ಹೇಳಿದ್ದರೆ ವಿಚಾರಣೆ ಆಗುತ್ತಿತ್ತು, ಅವನು ಜೈಲಿಗೆ ಹೋಗುತ್ತಿದ್ದ, ನಾನು ಅವನನ್ನು ಉಳಿಸಿದೆ. ಥೂ. ಆ ಹೊತ್ತಿನಲ್ಲಿ ನನಗೆ ಅವನ ನೆನಪೇ ಇರಲಿಲ್ಲ. ಗುಮಾಸ್ತನ ಹಲ್ಲು ಮಾತ್ರ ಕಾಣುತ್ತಿತ್ತು.

ಮೌನಿಕಾಳಿಗೆ ಇದರಲ್ಲಿ ಒಂದು ಮಾತೂ ಹೇಳಲಿಲ್ಲ. ನೋಡೋಣ, ಯೋಚನೆ ಮಾಡುತ್ತೇನೆ ಅಂದೆ. ಅವಳು ಜೆರಾಕ್ಸನ್ನು ಅಲ್ಲೇ ಬಿಟ್ಟು ಎದ್ದಳು.

"ಒಮ್ಮೆ ಊರಿಗೆ ಬಂದು ಅವನ್ನ ನೋಡ್ರಿ ಸಾರ್. ಆಮ್ಯಾಲ ನೆನಪಿಲ್ಲ ಅಂದ್ರೂ ನಡೀತೈತಿ."

ಎರಡು ದಿನ ಬಿಟ್ಟು ಹೋದೆ. ಮನಸ್ಸು ಕರಗಿ ಹೋದದ್ದಲ್ಲ. ಅವನು ನಿಜವಾಗಿಯೂ ಹೊಲಸು ಮನುಷ್ಯನಾಗಿದ್ದರೆ ನನ್ನ ಸುಳ್ಳು ನಿಜವಾಗುತ್ತಿತ್ತು. ಅದನ್ನು ನೋಡಿ ಬರೋಣ ಅಂತ ಹೋದೆ. ಎಮ್ಮಿಗನೂರಿನಲ್ಲಿ ಬಸ್ಸು ಬದಲಿಸಿ ನಾಗಲದಿನ್ನೆಯಲ್ಲಿ ಇಳಿದಾಗ ನಾಲ್ಕು ಗಂಟೆ. ರಸ್ತೆ ಬದಿಗೆ ಮೆಣಸಿನಕಾಯಿ ಒಣಹಾಕಿದ್ದರು. ಅಲ್ಲಿದ್ದ ಹೋಟೆಲಿನಲ್ಲಿ ಚಹಾ ಹೇಳಿ, ಅದರ ಮಾಲೀಕ ವೆಂಕಟಪ್ಪ ಎಂಬವನನ್ನು, ಉರುಕುಂದನ ಅಪ್ಪ ಮಾರೆಣ್ಣನ ಮನೆ ಎಲ್ಲಿ ಎಂದು ಕೇಳಿದೆ.

"ಮಿಲಿಟ್ರಿ ಉರುಕುಂದನ ಮನೀನಾ?" ಅಂತ ಹಲ್ಲು ಕಿರಿದ. "ಹೋಗ್ರಿ, ಹೋಗ್ರಿ. ಬೆನ್ನು ಮಾತ್ರ ಗ್ವಾಡಿ ಕಡೆ ಇಟ್ಕೊಂಡು ಕುಂದ್ರಿ."

ಬೆಂಚಿನ ಮೇಲಿದ್ದ ನಾಲ್ವರೂ ನಕ್ಕರು. ಉರುಕುಂದ ಬಂದು ಆ ಬೆಂಚಿಗೆ ಕೂತರೆ ಎಲ್ಲರೂ ಎದ್ದು ಹೋಗುತ್ತಾರಂತೆ, ಅದಕ್ಕೆ ಅವನು ಬರುವುದೇ ಇಲ್ಲವಂತೆ. ವೆಂಕಟಪ್ಪನೇ ಅದನ್ನು ಹೆಮ್ಮೆಯಿಂದ ಹೇಳಿದ. ಉರುಕುಂದನ ಪಲ್ಟನ್ನಿನಲ್ಲಿದ್ದ ಪಕ್ಕದೂರಿನವನೊಬ್ಬ ಫೋನಿನಲ್ಲಿ ಸುದ್ದಿ ತಂದಿದ್ದನಂತೆ. ನಾನು ಚಾರ್ಟಿಗೆ ಇಳಿಸಿಕೊಂಡಿದ್ದ ಮಾತೇ ಇಷ್ಟು ದೂರ ನಡೆದು ಬಂದು, ಈ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿತ್ತು. ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ಮಾರೆಣ್ಣನ ದೊಡ್ಡಿ ಊರ ಹೊರಗೆ, ಹೊಳೆಯ ಕಡೆಗೆ. ಅಪ್ಪ ಮಗ ಇಬ್ಬರೂ ಅಲ್ಲೇ ಇದ್ದರು. ಉರುಕುಂದನಿಗೆ ಮೂವತ್ತು ದಾಟಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ನನ್ನ ಗುರುತು ಹಿಡಿಯಲು ಅವನಿಗೆ ಅರೆಗಳಿಗೆ ಬೇಕಾಗಲಿಲ್ಲ.

"ಅಪ್ಪಾ, ನಾನು ಹೇಳ್ತಿದ್ನಲ್ಲ, ಆ ಅಣ್ಣ ಇವರೇ," ಅಂತ ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಹಿಂದೆ ಸರಿಯಲೂ ಇಲ್ಲ. ಮುದುಕ ಮಾರೆಣ್ಣ ಕಂಬಳಿ ಹಾಸಿ ಕೂರಿಸಿ, ಮಜ್ಜಿಗೆ ತರಿಸಿದ. ಪರದೇಶದಂಥ ಜಾಗದಲ್ಲಿ ಮಗನ ಮಾತಿಗೆ ಕಿವಿಯಾದವನು ಅಂತ ನನ್ನನ್ನು ದೇವರ ಹಾಗೆ ನೋಡುತ್ತಿದ್ದ. ನಾನು ಮಜ್ಜಿಗೆಯ ಲೋಟವನ್ನು ಪಕ್ಕಕ್ಕಿಟ್ಟೆ.

ಹೊತ್ತು ಇಳಿಯಿತು. ಕುರಿ ಬಂದವು. ಉರುಕುಂದ ಬಾಗಿಲಲ್ಲಿ ನಿಂತು ಒಂದೊಂದರ ಬೆನ್ನನ್ನೂ ಮುಟ್ಟಿ ಒಳಗೆ ಬಿಟ್ಟ. ಅದೇ ಅಂಗೈ, ಅದೇ ತುಟಿ. ಕೊನೆಯ ಮರಿಯೂ ಒಳಗೆ ಹೋಯಿತು. ಅವನು ಹೊಳೆಯ ದಾರಿ ನೋಡುತ್ತಾ ನಿಂತ, ಮೈ ನಡುಗತೊಡಗಿತು.

"ಎರಡು ಕಮ್ಮಿ ಅದಾವ ಅಪ್ಪಾ," ಅಂದ.

"ಹಿಂದ ಬರ್ತಿರಬೇಕು. ಕುಂದ್ರು, ನೋಡಾಣು," ಅಂದ ಮಾರೆಣ್ಣ.

ಇಬ್ಬರೂ ಬಾಗಿಲಲ್ಲೇ ಕೂತರು. ಮುದುಕ ಬೀಡಿ ಹಚ್ಚಿದ. ಯಾವ ಕುರಿಗೆ ಕಾಲು ನೋವು, ಯಾರ ಹೊಲದಲ್ಲಿ ನಾಳೆ ರಾತ್ರಿ ಗೊಬ್ಬರಕ್ಕೆ ಕುರಿ ಕೂರಿಸಬೇಕು, ಹೀಗೇ ಏನೋ ಮಾತು. ಕಾಲು ತಾಸಿನಲ್ಲಿ ಉರುಕುಂದನ ನಡುಕ ನಿಂತಿತು. ತಾನಾಗಿ ಎದ್ದು ಬಾಗಿಲು ಎಳೆದುಕೊಂಡು ನೀರು ತರಲು ಹೋದ.

"ಎರಡು ಕಳದಾವೇನು?" ಎಂದು ಮಾರೆಣ್ಣನನ್ನು ಕೇಳಿದೆ.

"ಇಲ್ರಿ. ಪೂರ್ತಿ ಅದಾವ. ದಿನಾ ಪೂರ್ತಿ ಇರ್ತಾವ."

"ಮತ್ತ ಹಂಗಂತ ಹೇಳಬಾರದಾ ಅವನಿಗೆ?"

"ಮೊದಲ ಹೇಳ್ತಿದ್ದೆ. ಹೇಳಿದಷ್ಟೂ ಮತ್ತ ಮತ್ತ ಎಣಸ್ತಿದ್ದ, ಜ್ವರ ಬಂದಂಗ ನಡುಗ್ತಿದ್ದ. ಆಮ್ಯಾಲ ತಿಳೀತು, ಅವನು ಕುರಿ ಎಣಸಾಕತ್ತಿಲ್ಲ." ಮುದುಕ ಬೀಡಿಯ ಬೂದಿ ಕೊಡವಿದ. "ಅವನ ಎಣಿಕಿ ಸುಳ್ಳಲ್ಲ ನೋಡ್ರಿ. ಇಬ್ಬರು ಕಮ್ಮಿ ಅದಾರಲ್ಲ. ಅದಕ್ಕ ಅವನ ಕೂಡ ಕುಂದ್ರತೀನಿ."

ನಾನು ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದವನು. ಮೇಜರ್ ಸಾಹೇಬರ ಪಟ್ಟಿ, ಕಮಾಂಡಿಂಗ್ ಆಫೀಸರರ ಫಾರಂ, ನನ್ನ ಚಾರ್ಟು, ಎಲ್ಲ ಸೇರಿ ನಾಲ್ಕು ವಾರದಲ್ಲಿ ಕಂಡುಹಿಡಿಯದ್ದನ್ನು ಈ ಹೆಬ್ಬೆಟ್ಟಿನ ಮುದುಕ ಬೀಡಿ ಸೇದುತ್ತಾ ಕಂಡುಹಿಡಿದಿದ್ದ. ಅವನೇನೂ ಮಾಡಿರಲಿಲ್ಲ, ಮಗನ ಮಾತನ್ನು ನಂಬಿದ್ದ ಅಷ್ಟೇ.

ಉರುಕುಂದ ಕೊಡ ಹೊತ್ತು ಬಂದ. ನಾನು ಎದ್ದು ನಿಂತೆ. ಕೂತು ಹೇಳುವ ಮಾತಾಗಿರಲಿಲ್ಲ ಅದು.

"ಉರುಕುಂದಾ, ಅವತ್ತು ನೀನು ಹೇಳಿದ್ದು ಒಂದನ್ನೂ ನಾನು ಸಾಹೇಬರಿಗೆ ಹೇಳಲಿಲ್ಲ. ಮುಟ್ಟಿ ಎಣಸೋದು ನಮ್ಮ ಕಡೆ ಐತೇನು ಅಂತ ಅವರು ಕೇಳಿದ್ರು. ಇಲ್ಲ ಅಂದೆ. ನಂದೂ ಕುರಿ ಮನೀನಪ್ಪಾ. ನನಗ ನಾಚಿಕಿ ಆತು."

ಅವನು ಕೊಡ ಇಳಿಸಿದ. ಮಾರೆಣ್ಣ ನನ್ನನ್ನು ಒಂದು ಗಳಿಗೆ ನೋಡಿ, ಪಕ್ಕಕ್ಕೆ ತಿರುಗಿ ಉಗಿದ. ನನ್ನ ಮುಖಕ್ಕೇ ಉಗಿದಿದ್ದರೆ ಒಳ್ಳೆಯದಿತ್ತು.

"ಹಂಗಾದ್ರ ಸಾಬ್‌ಗೆ ಗೊತ್ತೇ ಇಲ್ಲ?" ಅಂದ ಉರುಕುಂದ.

"ಇಲ್ಲ. ಹೇಳಿದ್ರ ಎಣಿಕಿ ತಪ್ಪಿದ್ದಕ್ಕ ನಿನ್ನ ಮ್ಯಾಲೆ ವಿಚಾರಣೆ ಆಗ್ತಿತ್ತು, ಅದಕ್ಕೂ..." ಎಂದು ಮತ್ತೆ ಆ ಹಳೆಯ ಸಮಜಾಯಿಷಿಯನ್ನು ಎಳೆದುಕೊಂಡು ಬಂದೆ. ನಾಲಗೆಗೆ ಅದೇ ರೂಢಿ.

"ನಾನು ಅದನ್ನ ಹೇಳಾಕೇ ಬಂದಿದ್ದೆನ್ರಿ," ಅಂದ ಅವನು. ದನಿ ಎತ್ತರಿಸಲಿಲ್ಲ. "ಜೈಲು ಆದ್ರ ಆಗ್ತಿತ್ತು. ಬರೀರಿ ಈಗ."

ಆ ಸಂಜೆ ನನ್ನನ್ನು ಊಟಕ್ಕೆ ಯಾರೂ ಕರೆಯಲಿಲ್ಲ. ಅದೊಂದು ಸರಿಯಾದ ಕೆಲಸ ಆಯಿತು.

ಬರೆದೆ. ಮೂರು ಹಾಳೆ. ಮೌನಿಕಾ ಅದನ್ನು ಇಂಗ್ಲಿಷಿಗೆ ಮಾಡಿಸಿ ಟೈಪ್ ಮಾಡಿಸಿದಳು. ಫೆಬ್ರವರಿಯಲ್ಲಿ ಬೋರ್ಡಿನ ಮುಂದೆ ನಿಂತೆ. ಅಣ್ಣ ತಂಗಿ ಹೊರಗಿನ ಬೆಂಚಿನ ಮೇಲಿದ್ದರು. ಒಳಗೆ ಮೂವರು ಡಾಕ್ಟರು. ನಡುವೆ ಕೂತಿದ್ದ ಹೆಂಗಸು ಹಾಳೆಗಳನ್ನು ನಿಧಾನಕ್ಕೆ ಓದಿದರು. ಓದುತ್ತಾ ಮೂಗಿನ ಹತ್ತಿರ ಏನೋ ಕೊಳೆತ ವಾಸನೆ ಬಂದ ಹಾಗೆ ಮುಖ ಮಾಡಿದರು.

"ಡಾಕ್ಟರು ನಿನ್ನನ್ನು ಕೇಳಿದ್ದರೇ?"

"ಕೇಳಿದ್ದರು ಮೇಡಂ."

"ನೀನು ಇಲ್ಲ ಅಂದೆ."

"ಹೌದು ಮೇಡಂ."

"ಅವನನ್ನು ಬೇರೆ ಯಾರಾದರೂ ಎರಡನೇ ಸಲ ಕೇಳಿದರೇ? ಬೇರೆ ದಿನ, ಬೇರೆ ದುಭಾಷಿ ಇಟ್ಟುಕೊಂಡು?"

"ಇಲ್ಲ ಮೇಡಂ. ಕಾಗದದಲ್ಲಿ ಎಲ್ಲ ಸರಿಹೊಂದಿತ್ತು."

ಅವರು ಪಕ್ಕದವರ ಕಡೆ ನೋಡಿದರು, ಪಕ್ಕದವರು ಫ್ಯಾನಿನ ಕಡೆ ನೋಡಿದರು. ನನ್ನನ್ನು ಹೊರಗೆ ಕಳಿಸಿ ಉರುಕುಂದನನ್ನು ಕರೆಸಿದರು. ಈ ಸಲ ಬೋರ್ಡೇ ಬೇರೆ ಒಬ್ಬ ಕನ್ನಡ ಬಲ್ಲವನನ್ನು ಕರೆಸಿತ್ತು. ಉರುಕುಂದ ಒಳಗೆ ಒಂದೂವರೆ ತಾಸು ಇದ್ದ. ಮೊದಲನೇ ಸಲ ಹನ್ನೆರಡು ನಿಮಿಷ ಇದ್ದ, ನನಗೆ ನೆನಪಿದೆ, ಗುಮಾಸ್ತ ಚಹಾ ಆರುತ್ತದೆ ಅಂತ ಗಡಿಯಾರ ನೋಡುತ್ತಿದ್ದ.

ಏಪ್ರಿಲ್ ಮೊದಲ ವಾರ ಕಾಗದ ಬಂತು. ಹುಟ್ಟಿನಿಂದ ಸ್ವಭಾವದ ದೋಷ ಅನ್ನುವುದನ್ನು ತೆಗೆದುಹಾಕಲಾಗಿದೆ. ಅಸಭ್ಯ ವರ್ತನೆ ಅನ್ನುವುದನ್ನು ತೆಗೆದುಹಾಕಲಾಗಿದೆ. ಸೇವೆಯಲ್ಲಿದ್ದಾಗ ನಡೆದ ದುರಂತದ ಆಘಾತದಿಂದ ಬಂದ ಮಾನಸಿಕ ರೋಗ, ಚಿಕಿತ್ಸೆಗೆ ಅರ್ಹ. ಮೌನಿಕಾ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದಳು. ಒಂದು ಪ್ರತಿಯನ್ನು ತೆಲುಗಿಗೆ ಮಾಡಿ ವೆಂಕಟಪ್ಪನ ಹೋಟೆಲಿಗೆ ಒಯ್ದು, ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ, ಅವನ ಗಲ್ಲಾದ ಮೇಲೆ ಅಂಟಿಸಿ ಬಂದಳಂತೆ. ನನಗೆ ಫೋನ್ ಮಾಡಿ, ಕಾಗದವನ್ನು ಅಣ್ಣನ ಕೈಗೆ ನೀವೇ ಕೊಡಬೇಕು ಅಂದಳು. ಇದು ನನಗೆ ಕೊಟ್ಟ ಮರ್ಯಾದೆ ಅಂತ ನಾನು ತಿಳಿದೆ. ಮನುಷ್ಯ ಎಷ್ಟು ಬೇಗ ಉಬ್ಬುತ್ತಾನೆ! ಎಮ್ಮಿಗನೂರಿನಲ್ಲಿ ಅವಳ ಅಂಗಡಿಯಿಂದ ಕಾಗದ ಇಸಿದುಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಆದದ್ದಾಯಿತು, ಕೊನೆಗೆ ಸರಿಪಡಿಸಿದೆನಲ್ಲ ಅಂತ ಅಂದುಕೊಂಡೆ.

ಹೋದಾಗ ಸಂಜೆಯಾಗಿತ್ತು. ಮಾರೆಣ್ಣ ಎಮ್ಮಿಗನೂರಿಗೆ ಹೋಗಿದ್ದ. ಉರುಕುಂದ ಒಬ್ಬನೇ ದೊಡ್ಡಿಯ ಬಾಗಿಲಲ್ಲಿದ್ದ. ಕಾಗದ ಕೊಟ್ಟೆ. ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿದೆ, ಈ ಸಲ ಒಂದು ಮಾತೂ ಬಿಡದೆ. ಅವನು ತಲೆಯಾಡಿಸುತ್ತಾ ಕೇಳಿದ. ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದ. ಮತ್ತೆ ಮುಂದೆ ನೋಡಿದ.

"ಇದ್ರಾಗ ಅವರಿಬ್ಬರ ಹೆಸರು ಎಲ್ಲೈತ್ರಿ?"

ನಾನು ಹುಡುಕಿದೆ. ಎರಡು ಕಡೆ 'ಇಬ್ಬರು ಸಹಸೈನಿಕರು' ಅಂತ ಇತ್ತು.

"ನೀವು ಬರದ ಹಾಳಿಯಾಗ?"

ನನ್ನ ಮೂರು ಹಾಳೆ ಕಣ್ಣ ಮುಂದೆ ಬಂದವು. ನನ್ನ ಅಜ್ಜನ ಬಗ್ಗೆ ಅರ್ಧ ಪುಟ ಬರೆದಿದ್ದೆ. ನನ್ನ ನಾಚಿಕೆ, ನನ್ನ ಪಶ್ಚಾತ್ತಾಪ, ನನ್ನ ಹೆಸರು ಬದಲಾಯಿಸಿಕೊಂಡದ್ದು, ಎಲ್ಲ ವಿವರವಾಗಿ ಬರೆದಿದ್ದೆ. ಸತ್ತವರನ್ನು ಅಲ್ಲೂ 'ಇಬ್ಬರು' ಅಂತ ಮುಗಿಸಿದ್ದೆ. ಆ ರೂಮಿನಲ್ಲಿ ಅವನು ಎರಡೆರಡು ಸಲ ಹೆಸರು ಹಿಡಿದು ಹೇಳಿದ್ದ. ಐದು ವರ್ಷ ನನಗೆ ಆ ಹೆಸರು ಮರೆತೂ ಇರಲಿಲ್ಲ.

"ಇಲ್ಲ," ಅಂದೆ.

ಅವನು ಕಾಗದವನ್ನು ನನ್ನ ಕೈಗೇ ವಾಪಸು ಕೊಟ್ಟ. ಕುರಿ ಬಂದಿದ್ದವು. ಬಾಗಿಲಲ್ಲಿ ನಿಂತು ಒಂದೊಂದರ ಬೆನ್ನನ್ನೂ ಮುಟ್ಟಿ ಒಳಗೆ ಬಿಟ್ಟ. ಕೊನೆಯ ಮರಿಯಾಯಿತು. ಹೊಳೆಯ ದಾರಿಯ ಕಡೆ ನೋಡಿದ. ನಡುಕ ಶುರುವಾಯಿತು. ಅಪ್ಪ ಇರಲಿಲ್ಲ. ನಾನೇ ಇದ್ದೆ.

"ಎರಡು ಕಮ್ಮಿ ಅದಾವ್ರಿ," ಅಂದ.

ಹಿಂದೆ ಬರುತ್ತಿರಬೇಕು ಅನ್ನಬೇಕಿತ್ತು. 'ಹಿಂದ' ಅನ್ನುವ ಮಾತು ಬಾಯಿಗೆ ಬಂತು. ಅದು ಮಾರೆಣ್ಣನ ಮಾತು, ನನ್ನ ಬಾಯಿಂದ ಬಂದರೆ ಅದೂ ಇನ್ನೊಂದು ಸುಳ್ಳಾಗುತ್ತಿತ್ತು.

"ಸಾಯಿಕುಮಾರ್," ಅಂದೆ. "ಹನುಮಂತು."

ಅವನು ತಿರುಗಿ ನೋಡಿದ. ನಡುಕ ನಿಲ್ಲಲಿಲ್ಲ, ಆದರೆ ಬಾಗಿಲನ್ನು ಎಳೆದು ಹಗ್ಗ ಸುತ್ತಿದ.

"ಅವತ್ತು ಸಾಬ್‌ಗೆ ಇಷ್ಟು ಅಂದಿದ್ರ ಆಗ್ತಿತ್ತಲ್ರಿ," ಅಂದ.